ಕಿಲ್ಟಿನ ಹಿಂಬದಿ ನೋಡಿ ಬಟ್ಟೆ ಆರಿಸಿದ್ದು

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಶಾಲೆ ಮುಗಿಸುವ ಹುಡುಗರು ಕೊನೆಯ ಪಾರ್ಟಿಗೆ ಕಿಲ್ಟ್, ಅಂದರೆ ಇಲ್ಲಿನ ಗಂಡಸರ ಚೌಕುಳಿ ನೆರಿಗೆ ಲಂಗ, ಹಾಕಿಕೊಂಡು ಹೋಗುತ್ತಾರೆ. ಬಹಳ ಜನ ಬಾಡಿಗೆಗೆ ತರುತ್ತಾರೆ. ನಮ್ಮಮ್ಮ ದಾವಣಗೆರೆಯಲ್ಲಿ 30 ವರ್ಷ ಲಂಗ, ಬ್ಲೌಸ್ ಹೊಲಿದವರು. ಆ ಮನೆಯಲ್ಲಿ ಬೆಳೆದವಳಿಗೆ ಬಾಡಿಗೆ ಬಟ್ಟೆ ಅಂದರೆ ಹೇಗೋ ಆಗುತ್ತದೆ. ‘ನಾನೇ ಹೊಲೀತೀನಿ ಬಿಡೋ’ ಅಂತ ಮಗನಿಗೆ ಹೇಳಿಬಿಟ್ಟೆ. ನೆರಿಗೆ ತಾನೇ, ಇದೇನು ಮಹಾ ಅನ್ನೋ ಧೈರ್ಯ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಕೆಂಪು ರಾಯಲ್ ಸ್ಟೂವರ್ಟ್ ಟಾರ್ಟನ್. ಟಾರ್ಟನ್ ಅಂದರೆ ಕಿಲ್ಟಿನ ಚೌಕುಳಿ ಬಟ್ಟೆ, ಬಹಳಷ್ಟು ಮನೆತನಗಳ ಹೆಸರಿನವು. ‘ಅಮ್ಮಾ, ಬಿಸ್ಕತ್ ಡಬ್ಬಿ ಥರ ಕಾಣ್ತೀನಿ’ ಅಂದ ಮಗ. ನಿಜ, ಇಲ್ಲಿ ಅಂಗಡಿಗಳಲ್ಲಿ ಶಾರ್ಟ್‌ಬ್ರೆಡ್ ಡಬ್ಬಿಗಳ ಮೇಲೆಲ್ಲ ಆ ಚೌಕುಳಿಯೇ. ಸರಿ, ಯಾವುದು ಅಂತ ಕೇಳಿದರೆ ಹೆಗಲು ಕುಣಿಸಿದ. ನಮಗೇನು ಇಲ್ಲಿನ ಮನೆತನದ ಹೆಸರು ಇದೆಯಾ, ಇದೇ ಹಾಕಬೇಕು ಅನ್ನೋದಕ್ಕೆ? ಆದರೆ ಟಾರ್ಟನ್ ಹಾಕೋದಕ್ಕೆ ಆ ಹೆಸರೇ ಇರಬೇಕು ಅಂತ ಕಾನೂನೇನೂ ಇಲ್ಲ. ಇರುವ ಊರಿನದ್ದು ಹಾಕಬಹುದು, ಇಷ್ಟವಾದದ್ದು ಹಾಕಬಹುದು.

ದಾರಿ ತೋರಿಸಿದ್ದು ನಮ್ಮೂರಿನಲ್ಲಿರುವ, ಗಾರ್ಡನ್ ಹೈಲ್ಯಾಂಡರ್ಸ್ ಅನ್ನುವ ಸೈನ್ಯದಳದ ಮ್ಯೂಸಿಯಂ. ಈ ದಳ ಕಟ್ಟಿದ್ದು 1794ರಲ್ಲಿ. ಅದರ ಹಿಂದಿನ ವರ್ಷ ಹಂಟ್ಲಿಯ ವಿಲಿಯಂ ಫೋರ್ಸೈತ್ ಅನ್ನುವವರು, ಸೈನ್ಯದಲ್ಲಿ ಆಗಲೇ ಬಳಕೆಯಲ್ಲಿದ್ದ ಬ್ಲ್ಯಾಕ್ ವಾಚ್ ಚೌಕುಳಿಗೆ ಹಳದಿ ಗೆರೆ ಸೇರಿಸಿ ಗಾರ್ಡನ್ ಡ್ಯೂಕ್‌ಗೆ ಮೂರು ಮಾದರಿ ಮಾಡಿ ಕೊಟ್ಟರು. ಒಂದರಲ್ಲಿ 1 ಗೆರೆ, ಇನ್ನೊಂದರಲ್ಲಿ 2, ಮತ್ತೊಂದರಲ್ಲಿ 3. ಡ್ಯೂಕ್ ಒಂದೇ ಗೆರೆಯದ್ದನ್ನು ಒಪ್ಪಿದರು. ಸೀರೆ ಅಂಗಡಿಯಲ್ಲಿ ನಾವು ‘ಇದರಲ್ಲೇ ಜರಿ ಕಡಿಮೆ ಇರೋದು ತೋರಿಸಿ’ ಅಂತೀವಲ್ಲ, ಹಾಗೆ.

ಆ ದಳದ ಕಿಲ್ಟಿನಲ್ಲಿ ನಾನು ನೋಡಿದ್ದು ಹಿಂಬದಿಯನ್ನು. ಮುಂದೆ ನೀಲಿ, ಹಸಿರು, ಕಪ್ಪು, ಅದರಲ್ಲೊಂದು ಹಳದಿ ಗೆರೆ. ಹಿಂದೆ ಪ್ರತಿ ನೆರಿಗೆಯ ನಟ್ಟನಡುವೆ ಹಳದಿ ಗೆರೆ, ಸಾಲಾಗಿ. ಒಂದೇ ಬಟ್ಟೆ ಅಂತ ನಂಬೋಕಾಗಲ್ಲ. ಅಲ್ಲಿಯವರೆಗೆ ಬಟ್ಟೆ ಹರಡಿ ನೋಡಿ ಆರಿಸುತ್ತಿದ್ದೆ. ಕಿಲ್ಟಿಗೆ ಹಾಗೆ ಆರಿಸುವುದು ತಪ್ಪು. ಮಾದರಿ ತುಂಡನ್ನು ಮಡಚಿ ನೋಡಬೇಕು. ಅದಕ್ಕೆ ತುಂಡು ದೊಡ್ಡದಿರಬೇಕು. ಬೊಗಸೆಯಷ್ಟು ತುಂಡಿನಲ್ಲಿ ಒಂದು ಪೂರ್ತಿ ಸೆಟ್ಟೂ ಇರುವುದಿಲ್ಲ. ಸೆಟ್ ಅಂದರೆ ಚೌಕುಳಿ ಒಮ್ಮೆ ಪೂರ್ತಿಯಾಗಿ ಮತ್ತೆ ಮೊದಲಾಗುವವರೆಗಿನ ಅಳತೆ.

ನೆರಿಗೆಯಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಸೆಟ್ಟಿಗೆ ನೆರಿಗೆ. ಮಡಚಿದ ಮೇಲೂ ಹಿಂದೆ ಮುಂದಿನಂಥದೇ ಚೌಕುಳಿ ಕಾಣುವ ಹಾಗೆ ಹಿಡಿಯುವುದು. ಇನ್ನೊಂದು, ಗೆರೆಗೆ ನೆರಿಗೆ, ಮ್ಯೂಸಿಯಂನಲ್ಲಿ ಕಂಡದ್ದು. ಮನೆಗೆ ಬಂದು ಆ ಗಾರ್ಡನ್ ಚೌಕುಳಿಯದೇ ಮಾದರಿ ತುಂಡನ್ನು ಗುಂಡುಸೂಜಿ ಚುಚ್ಚಿ ಎರಡೂ ಥರ ಮಡಚಿ ಮಗನ ಮುಂದಿಟ್ಟೆ. ಸೆಟ್ಟಿನದ್ದು ಅಚ್ಚುಕಟ್ಟು, ಆದರೆ ಸಪ್ಪೆ. ಗೆರೆಯದ್ದರಲ್ಲಿ ಉದ್ದುದ್ದ ಹೋಗುವ ನೀಲಿಯೆಲ್ಲ ಒಳಗೆ ಅಡಗಿ ಹಸಿರು ಮೇಲೆ ಬರುತ್ತದೆ, ಅಡ್ಡಪಟ್ಟಿಗಳು ಎದ್ದು ಕಾಣುತ್ತವೆ. ತುಂಡನ್ನು ಸ್ವಲ್ಪ ಅಲುಗಾಡಿಸಿದರೆ ಒಳಗಿನ ನೀಲಿ ಇಣುಕಿ ಹೋಗುತ್ತದೆ. ‘ಇದೇ’ ಅಂದ, ಫೋನಿಂದ ತಲೆ ಎತ್ತಿ. ನನಗೆ ಎರಡೂ ಕಡೆ ಮಡಚುವ ಬಾಕ್ಸ್ ಪ್ಲೀಟ್ ಆಸೆಯೂ ಇತ್ತು, ಬಟ್ಟೆ ಅರ್ಧದಷ್ಟೇ ಸಾಕು. ‘ಹುಡುಗಿಯರ ಯೂನಿಫಾರ್ಮ್ ಥರ ಇದೆ’ ಅಂತ ಒಂದೇ ಮಾತಿಗೆ ತಳ್ಳಿಹಾಕಿದ.

ಬಣ್ಣದಲ್ಲಿ ಒಂದು ಗೋಜಲು. ಒಂದೇ ಟಾರ್ಟನ್ ‘ಮಾಡರ್ನ್’, ‘ಏನ್ಶಂಟ್’, ‘ವೆದರ್ಡ್’ ಅಂತ ಬರುತ್ತದೆ. ಏನ್ಶಂಟ್ ಅಂದರೆ ಹಳೆಯ ಬಟ್ಟೆಯಲ್ಲ, ತಿಳಿ ಬಣ್ಣ ಅಷ್ಟೆ. ವೆದರ್ಡ್ ಅಂದರೆ ಮಾಸಿದಂಥದ್ದು, ಮಾಡರ್ನ್ ಅಂದರೆ ಗಾಢ. ಗಾಢ ಬಣ್ಣದಲ್ಲಿ ಹಳದಿ ಎದ್ದು ಕಾಣುತ್ತದೆ ಅಂತ ಅದನ್ನೇ ತೆಗೆದುಕೊಂಡೆ. ತೂಕ ಗಜಕ್ಕೆ 16 ಔನ್ಸ್. 11, 13 ಔನ್ಸಿನದ್ದೂ ಸಿಗುತ್ತದೆ, ದುಡ್ಡೂ ಕಡಿಮೆ. ಆದರೆ ಅಬರ್ಡೀನಿನ ಸಮುದ್ರದ ಗಾಳಿ ಗೊತ್ತಿದ್ದವರು ಕಿಲ್ಟಿಗೆ ತೆಳು ಬಟ್ಟೆ ತರುವುದಿಲ್ಲ. ದಪ್ಪ ಉಣ್ಣೆ ನೆರಿಗೆಯನ್ನೂ ಹಿಡಿದಿಡುತ್ತದೆ, ಮಾನವನ್ನೂ.

4 ಗಜ ಡಬಲ್ ಪನ್ನದ ಬಟ್ಟೆ ತಂದೆ. ಉದ್ದಕ್ಕೆ ನಡುವೆ ಕತ್ತರಿಸಿ, ಎರಡನ್ನೂ ಸೇರಿಸಿದರೆ 8 ಗಜ. ಕಿಲ್ಟಿಗೆ ಕೆಳಗೆ ಮಡಚಿ ಹೊಲಿಯುವುದಿಲ್ಲ. ನೇಯ್ಗೆಯ ಅಂಚೇ ಕೆಳಗೆ ಬರಬೇಕು. ಹಾಗಾಗಿ ಒಂದು ಅರ್ಧವನ್ನು ತಿರುಗಿಸಿ ಇಡಬೇಕಾಗುತ್ತದೆ. ಗಾರ್ಡನ್ ಚೌಕುಳಿ ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ, ತೊಂದರೆಯಿಲ್ಲ. ಬುಕಾನನ್ ಥರದ ಟಾರ್ಟನ್ ಹಾಗಲ್ಲ. ತಿರುಗಿಸಿದರೆ ಬಣ್ಣದ ಸಾಲು ಉಲ್ಟಾ ಆಗುತ್ತದೆ. ಅಂಥದ್ದನ್ನು ಇಷ್ಟಪಟ್ಟವರು ಕತ್ತರಿ ಇಡುವ ಮೊದಲು ಇದನ್ನು ಯೋಚಿಸಲಿ.

ಲೆಕ್ಕ ಹೀಗೆ. ಮಗನ ಹಿಪ್ 36 ಇಂಚು, ಅರ್ಧ ಮುಂದೆ ಒಂದರ ಮೇಲೊಂದು ಬರುವ ನೆರಿಗೆಯಿಲ್ಲದ ಭಾಗಕ್ಕೆ, ಅಂದರೆ ಏಪ್ರನ್‌ಗೆ, ಅರ್ಧ ನೆರಿಗೆಗೆ. 18 ಇಂಚಿನಲ್ಲಿ ಮುಕ್ಕಾಲು ಇಂಚಿನ 24 ನೆರಿಗೆ. ನಾನು ತಂದ ಬಟ್ಟೆಯಲ್ಲಿ ಸೆಟ್ 8 ಇಂಚು. ಗೆರೆಗೆ ಹಿಡಿದರೆ ನೆರಿಗೆಗೊಂದು ಸೆಟ್, 192 ಇಂಚು. ಸೆಟ್ಟಿಗೆ ಹಿಡಿದರೆ ಪ್ರತಿ ನೆರಿಗೆಯಲ್ಲೂ ಮುಕ್ಕಾಲು ಇಂಚು ಮುಂದೆ ಸರಿಯಬೇಕು, 210 ಇಂಚು. ಏಪ್ರನ್ನುಗಳಿಗೆ, ಅವುಗಳ ಪಕ್ಕದ ಮಡಿಕೆಗಳಿಗೆ ಇನ್ನೊಂದು 2 ಗಜ. ಗೆರೆಗೆ ಹಿಡಿದದ್ದರಿಂದ ಅರ್ಧ ಗಜ ಉಳಿಯಿತು. ಅದು ಆಮೇಲೆ ಸೊಂಟದ ಪಟ್ಟಿಗೆ ಬಂತು.

ನಾನು ಎಡವಿದ್ದು ಇಲ್ಲಿಂದ ಮುಂದೆ. ಸೊಂಟ 30 ಇಂಚು. ಹಿಪ್ಪಿನಲ್ಲಿ ಮುಕ್ಕಾಲು ಇಂಚಿದ್ದ ನೆರಿಗೆ ಸೊಂಟಕ್ಕೆ ಬರುವಾಗ 5/8 ಇಂಚಾಗಬೇಕು. ನೆರಿಗೆಗೆ 1/8 ಇಂಚು ಇಳಿಸುವುದು, ಅಷ್ಟೇ. ಲಂಗದ ಅಭ್ಯಾಸದಲ್ಲಿ ಅಷ್ಟನ್ನೂ ಒಂದೇ ಬದಿಯಿಂದ ತೆಗೆದೆ. ಕೈಹೊಲಿಗೆಯಲ್ಲಿ 9 ನೆರಿಗೆ ಮುಗಿಸಿ ಕುರ್ಚಿಯ ಬೆನ್ನಿಗೆ ಹಾಕಿ ದೂರ ನಿಂತು ನೋಡಿದೆ. ಹಳದಿ ಗೆರೆಗಳೆಲ್ಲ ಮೇಲೆ ಬರುತ್ತಾ ಬರುತ್ತಾ ನೆರಿಗೆಯ ಅಂಚಿಗೆ ವಾಲಿಕೊಂಡಿವೆ, ಮಳೆಗೆ ಬಾಗಿದ ಜೋಳದ ಸಾಲಿನ ಹಾಗೆ. ಗೆರೆ ನಡುವೆಯೇ ಉಳಿಯಬೇಕಾದರೆ ಎರಡೂ ಬದಿಯಿಂದ 1/16, 1/16 ತೆಗೆಯಬೇಕಿತ್ತು. ಸೆಟ್ಟಿಗೆ ಹಿಡಿದಿದ್ದರೆ ಇಷ್ಟು ಬೇಗ ಕಣ್ಣಿಗೆ ಹೊಡೆಯುತ್ತಿರಲಿಲ್ಲವೇನೋ. ಅವತ್ತು ರಾತ್ರಿ ಕೂತು ಒಂಬತ್ತನ್ನೂ ಬಿಚ್ಚಿದೆ. ಮತ್ತೆ ಹೊಲಿಯುವಾಗ ಗೆರೆಯ ಎರಡೂ ಪಕ್ಕದ ಹಸಿರು ಎಳೆಗಳನ್ನು ಸೂಜಿ ತುದಿಯಲ್ಲಿ ಎಣಿಸಿ ಎಣಿಸಿ ಹಾಕಿದೆ. ಟೇಪಿಗಿಂತ ಎಳೆ ಎಣಿಸುವುದೇ ನಂಬಿಕೆಯ ದಾರಿ, ಅಳತೆಪಟ್ಟಿ ಬಟ್ಟೆಯಲ್ಲೇ ನೇಯ್ದಿದ್ದಾರಲ್ಲ.

ಉಳಿದದ್ದು ಬೇಗ ಆಯಿತು. ಒಳಗೆ ಕ್ಯಾನ್ವಾಸ್, ಲೈನಿಂಗ್, ಬಕಲ್. ನೆರಿಗೆಗಳ ಕಚ್ಚಾ ಹೊಲಿಗೆಯನ್ನು ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡುವ ತನಕ ಬಿಚ್ಚಲಿಲ್ಲ. ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. ‘ಕೆಳಗೆ ಹೊಲಿಗೆನೇ ಹಾಕಿಲ್ವಲ್ಲೇ?’ ಅಂತ ಮೊದಲ ಪ್ರಶ್ನೆ. ಸೀರೆ ಅಂಚು ಇದ್ದಂಗೆ ಅಮ್ಮ ಅಂದೆ. ‘ಹಿಂದೆ ತಿರುಗಿಸು’ ಅಂದರು. ತಿರುಗಿಸಿದೆ. ಸುಮಾರು ಹೊತ್ತು ನೋಡಿ, ‘ಎಡಗಡೆಯಿಂದ ಆರನೇದು ಒಂದೆಳೆ ಹೆಚ್ಚಿದೆ’ ಅಂದರು. ಎಣಿಸಿದೆ. ಇತ್ತು.

ಪಾರ್ಟಿಯ ಫೋಟೋಗಳು ಬಂದಾಗ ನೋಡಿದರೆ ಎಲ್ಲವೂ ಮುಂದಿನಿಂದ ತೆಗೆದವು. ಏಪ್ರನ್ನು, ಅದರ ಮೇಲೆ ಜೋತುಬಿದ್ದ ಸ್ಪೋರನ್ ಚೀಲ, ಹಲ್ಲು ಕಿರಿಯುವ ಹುಡುಗರು. ಒಂದೇ ಒಂದರಲ್ಲಿ ಮಗ ‘ಸ್ಟ್ರಿಪ್ ದ ವಿಲ್ಲೋ’ ಕುಣಿಯುತ್ತಾ ಅರ್ಧ ತಿರುಗಿದ್ದಾನೆ. ಮುಖ ಮಸುಕು. ನೆರಿಗೆಗಳು ಬಿಚ್ಚಿಕೊಂಡು ಒಳಗಿನ ನೀಲಿ ಕಾಣುತ್ತಿದೆ. ಆ ಫೋಟೋವನ್ನು ಅಮ್ಮನಿಗೆ ಕಳಿಸಿದ್ದೇನೆ. ಆರನೇ ನೆರಿಗೆ ಅದರಲ್ಲಿ ಕಾಣುವುದಿಲ್ಲ.