ಪುಟ್ಟ ಕೆಂಪು ನಕ್ಷತ್ರಗಳ ಸುತ್ತ ಭೂಮಿಯಂಥ ಗ್ರಹವನ್ನು ಹುಡುಕುವ ವಿಧಾನ

ದೂರದ ನಕ್ಷತ್ರವೊಂದರ ಬಳಿಯಿಂದ ಯಾರಾದರೂ ನಮ್ಮ ಸೂರ್ಯನನ್ನು ಗಮನಿಸುತ್ತಿದ್ದರೆ, ಭೂಮಿಯು ಅಡ್ಡ ಹಾದುಹೋಗುವಾಗ ಅವರಿಗೆ ಕಾಣುವ ಬೆಳಕಿನ ಇಳಿತ ಹತ್ತು ಲಕ್ಷದಲ್ಲಿ 84 ಪಾಲು ಮಾತ್ರ. ಅದೂ ವರ್ಷಕ್ಕೊಮ್ಮೆ, ಹೆಚ್ಚೆಂದರೆ 13 ಗಂಟೆಗಳ ಕಾಲ. ಅದೇ ಭೂಮಿಯನ್ನು ಸೂರ್ಯನ ಐದನೆಯ ಒಂದು ಪಾಲು ಅಗಲವಿರುವ ಕೆಂಪು ಕುಬ್ಜ ನಕ್ಷತ್ರದ ಮುಂದೆ ಇಟ್ಟರೆ ಇಳಿತವು 25 ಪಟ್ಟು ಹೆಚ್ಚಿ ಶೇ 0.21ಕ್ಕೆ ಏರುತ್ತದೆ. ನಕ್ಷತ್ರ ತಣ್ಣಗಿರುವುದರಿಂದ ನೀರು ದ್ರವರೂಪದಲ್ಲಿ ಉಳಿಯಬಲ್ಲ ವಾಸಯೋಗ್ಯ ವಲಯವೂ ಅದರ ಹತ್ತಿರಕ್ಕೆ ಸರಿದಿರುತ್ತದೆ. ಹೀಗಾಗಿ ಅಲ್ಲಿನ ಗ್ರಹದ ಒಂದು ವರ್ಷವೆಂದರೆ ಕೆಲವೇ ದಿನ ಅಥವಾ ವಾರಗಳು. ನಮ್ಮ ನೆರೆಯ ನಕ್ಷತ್ರಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಇಂಥವೇ ಆಗಿದ್ದರೂ ಬರಿಗಣ್ಣಿಗೆ ಅವುಗಳಲ್ಲಿ ಒಂದೂ ಕಾಣಿಸುವುದಿಲ್ಲ. ಗಣಕಯಂತ್ರ, ಅಂತರಜಾಲ ಸಂಪರ್ಕ ಮತ್ತು ಪೈಥಾನ್ ಭಾಷೆಯ ಸಾಧಾರಣ ಪರಿಚಯ ಇರುವ ಯಾರೇ ಆಗಲಿ, ಸಾರ್ವಜನಿಕವಾಗಿ ಲಭ್ಯವಿರುವ ದತ್ತಾಂಶವನ್ನು ಬಳಸಿ ಇಂಥ ಗ್ರಹಗಳನ್ನು ಹುಡುಕುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಕೆಲಸ ನಕ್ಷತ್ರದ ಆಯ್ಕೆ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ನಾವು ನೇರವಾಗಿ ಅಳೆಯುವುದು ಗ್ರಹದ ಗಾತ್ರವನ್ನಲ್ಲ, ನಕ್ಷತ್ರಕ್ಕೆ ಹೋಲಿಸಿದರೆ ಅದು ಎಷ್ಟು ದೊಡ್ಡದು ಎಂಬ ಅನುಪಾತವನ್ನು. ಆದ್ದರಿಂದ ನಕ್ಷತ್ರದ ತ್ರಿಜ್ಯದಲ್ಲಿ ಶೇ 20ರಷ್ಟು ತಪ್ಪಿದ್ದರೆ ಗ್ರಹದ ತ್ರಿಜ್ಯವೂ ಅಷ್ಟೇ ತಪ್ಪುತ್ತದೆ, ಭೂಮಿಯಷ್ಟೇ ದೊಡ್ಡದೆಂದು ನಂಬಿದ ಗ್ರಹ ವಾಸ್ತವದಲ್ಲಿ ಬೇರೆಯೇ ಜಾತಿಯದಾಗಿರಬಹುದು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಗಾಯಾ ನೌಕೆ ಅಳೆದ ದೂರಗಳನ್ನೂ ಗ್ರಹಗಳನ್ನು ಹುಡುಕುವ ನಾಸಾದ ಟೆಸ್ ಯೋಜನೆಯ ನಕ್ಷತ್ರಪಟ್ಟಿಯನ್ನೂ ಜೊತೆಗಿಟ್ಟುಕೊಂಡು, ಮೇಲ್ಮೈ ತಾಪ 3,900 ಕೆಲ್ವಿನ್‌ಗಿಂತ ಕಡಿಮೆಯಿರುವ, ತ್ರಿಜ್ಯವು ಸೂರ್ಯನ ಅರ್ಧಕ್ಕಿಂತ ಚಿಕ್ಕದಾದ, 65 ಜ್ಯೋತಿರ್ವರ್ಷಗಳೊಳಗಿನ ನಕ್ಷತ್ರಗಳನ್ನು ಬೇರ್ಪಡಿಸಿಕೊಳ್ಳಬೇಕು. ಗಾಯಾ ಪಟ್ಟಿಯಲ್ಲಿ ಆರ್‌ಯುಡಬ್ಲ್ಯೂಇ ಎಂಬ ಅಂಕಣವಿದೆ, ನಕ್ಷತ್ರದ ಚಲನೆ ಒಂಟಿ ನಕ್ಷತ್ರದ ಚಲನೆಗೆ ಎಷ್ಟು ಹೊಂದುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಅದರ ಮೌಲ್ಯ 1.4ನ್ನು ಮೀರಿದ್ದರೆ ಅಲ್ಲಿ ಕಣ್ಣಿಗೆ ಬೀಳದ ಸಂಗಾತಿ ನಕ್ಷತ್ರವೊಂದು ಇರಬಹುದೆಂದು ಶಂಕಿಸಿ, ಆರಂಭದಲ್ಲಿ ಅಂಥವನ್ನು ಬಿಟ್ಟುಬಿಡುವುದು ಒಳ್ಳೆಯದು.

ಆಯ್ದ ನಕ್ಷತ್ರಕ್ಕೆ ವಾಸಯೋಗ್ಯ ವಲಯ ಎಲ್ಲಿ ಬೀಳುತ್ತದೆ ಎಂಬುದನ್ನು ಹುಡುಕಾಟಕ್ಕೆ ಮುನ್ನವೇ ಲೆಕ್ಕ ಹಾಕಿಡಬೇಕು. ನಕ್ಷತ್ರದ ಪ್ರಭೆಯನ್ನು ಸೂರ್ಯನ ಪ್ರಭೆಗೆ ಹೋಲಿಸಿ ಅದರ ವರ್ಗಮೂಲವನ್ನು ತೆಗೆದರೆ, ಭೂಮಿಗೆ ಸಿಗುವಷ್ಟೇ ಶಾಖ ಸಿಗುವ ದೂರ ಖಗೋಳಮಾನಗಳಲ್ಲಿ (ಒಂದು ಖಗೋಳಮಾನವೆಂದರೆ ಭೂಮಿ–ಸೂರ್ಯರ ಸರಾಸರಿ ದೂರ) ದೊರೆಯುತ್ತದೆ. ಆ ದೂರದ ಘನವನ್ನು ನಕ್ಷತ್ರದ ದ್ರವ್ಯರಾಶಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ, ಕೆಪ್ಲರನ ಮೂರನೆಯ ನಿಯಮದ ಪ್ರಕಾರ, ಪರಿಭ್ರಮಣೆಯ ಅವಧಿ ವರ್ಷಗಳಲ್ಲಿ ದೊರೆಯುತ್ತದೆ. ತ್ರಿಜ್ಯ ಮತ್ತು ದ್ರವ್ಯರಾಶಿ ಎರಡೂ ಸೂರ್ಯನ 0.2ರಷ್ಟು, ಪ್ರಭೆ 0.004ರಷ್ಟು ಇರುವ ನಕ್ಷತ್ರವನ್ನು ತೆಗೆದುಕೊಳ್ಳಿ: ದೂರ 0.063 ಖಗೋಳಮಾನ, ಅವಧಿ 13 ದಿನ, ಸಂಕ್ರಮಣದ, ಅಂದರೆ ಗ್ರಹವು ನಕ್ಷತ್ರದ ಮುಂದೆ ಅಡ್ಡ ಹಾದುಹೋಗುವ, ಕಾಲ ಹೆಚ್ಚೆಂದರೆ ಒಂದೂವರೆ ಗಂಟೆ. ಅಂಥ ಗ್ರಹದ ಕಕ್ಷೆ ನಮ್ಮ ದೃಷ್ಟಿರೇಖೆಗೆ ಸರಿಯಾಗಿ ಹೊಂದಿಕೊಂಡಿರುವ ಸಾಧ್ಯತೆ ಶೇ 1.5 ಮಾತ್ರ. ಭೂಮಿ–ಸೂರ್ಯರ ವಿಷಯದಲ್ಲಿ ಇದು ಶೇ 0.5ಕ್ಕೂ ಕಡಿಮೆ ಎಂಬುದನ್ನು ನೆನೆದರೆ ಲಾಭ ಕಾಣುತ್ತದೆ. ಆದರೂ ಒಂದೆರಡು ನಕ್ಷತ್ರಗಳನ್ನು ನೋಡಿ ಫಲ ನಿರೀಕ್ಷಿಸುವಂತಿಲ್ಲ, ನೂರಾರನ್ನು ಪರೀಕ್ಷಿಸಬೇಕಾಗುತ್ತದೆ.

ದತ್ತಾಂಶಕ್ಕಾಗಿ ನಾಸಾದ ಟೆಸ್ ನೌಕೆಗಿಂತ ಅನುಕೂಲಕರವಾದ ಮೂಲ ಸದ್ಯಕ್ಕಿಲ್ಲ. 2018ರ ಏಪ್ರಿಲ್ 18ರಂದು ಉಡಾವಣೆಗೊಂಡ ಈ ನೌಕೆ 600ರಿಂದ 1,000 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕನ್ನೇ ನೋಡುವುದರಿಂದ ಕೆಂಪು ಕುಬ್ಜಗಳಿಗೆ ಹೇಳಿಮಾಡಿಸಿದಂತಿದೆ. ಅದು ಆಕಾಶದ ಒಂದೊಂದು ಪಟ್ಟಿಯನ್ನು ಸುಮಾರು 27 ದಿನ ಎಡೆಬಿಡದೆ ನೋಡುತ್ತದೆ. ಈ ಪಟ್ಟಿಗೆ ಸೆಕ್ಟರ್ ಎಂದು ಹೆಸರು. ಮೇಲಿನ ಉದಾಹರಣೆಯ 13 ದಿನದ ಗ್ರಹ ಒಂದು ಸೆಕ್ಟರ್‌ನಲ್ಲಿ ಸಾಮಾನ್ಯವಾಗಿ ಎರಡೇ ಬಾರಿ ಕಾಣಿಸಿಕೊಳ್ಳುವುದರಿಂದ, ಹಲವು ಸೆಕ್ಟರ್‌ಗಳಲ್ಲಿ ಸೆರೆಯಾದ ನಕ್ಷತ್ರಗಳಿಗೆ ಆದ್ಯತೆ ಕೊಡಬೇಕು. ಸುಮಾರು 100 ಜ್ಯೋತಿರ್ವರ್ಷ ದೂರದ ಟಿಒಐ-700 ಎಂಬ ಕೆಂಪು ಕುಬ್ಜದ ಸುತ್ತ 37 ದಿನಗಳಿಗೊಮ್ಮೆ ತಿರುಗುವ, ಭೂಮಿಯ ಗಾತ್ರಕ್ಕೆ ಹತ್ತಿರವಾದ ಗ್ರಹವು 2020ರಲ್ಲಿ ಬೆಳಕಿಗೆ ಬಂದದ್ದಕ್ಕೆ ಆ ನಕ್ಷತ್ರವನ್ನು ಮೊದಲ ವರ್ಷದಲ್ಲೇ 11 ಸೆಕ್ಟರ್‌ಗಳಲ್ಲಿ ನೋಡಿದ್ದೇ ಮುಖ್ಯ ಕಾರಣ.

ದತ್ತಾಂಶವೆಲ್ಲ ಮಾಸ್ಟ್ ಎಂಬ ಭಂಡಾರದಲ್ಲಿ ಉಚಿತವಾಗಿ ಸಿಗುತ್ತದೆ. ಲೈಟ್‌ಕರ್ವ್ ಎಂಬ ಪೈಥಾನ್ ತಂತ್ರಾಂಶವನ್ನು ಅಳವಡಿಸಿಕೊಂಡರೆ ನಕ್ಷತ್ರದ ಹೆಸರು ಕೊಟ್ಟು ಕೆಲವೇ ಸಾಲುಗಳಲ್ಲಿ ಅದನ್ನು ಇಳಿಸಿಕೊಳ್ಳಬಹುದು. ಎರಡು ನಿಮಿಷಕ್ಕೊಮ್ಮೆ ಅಳೆದ ದತ್ತಾಂಶವಿದ್ದರೆ ಅದನ್ನೇ ಆರಿಸಿ. ಪುಟ್ಟ ನಕ್ಷತ್ರಗಳ ಸಂಕ್ರಮಣ ಅರ್ಧ ಗಂಟೆಯಲ್ಲೇ ಮುಗಿಯಬಹುದಾದ್ದರಿಂದ, ಟೆಸ್‌ನ ಆರಂಭದ ವರ್ಷಗಳ 30 ನಿಮಿಷಗಳ ಚಿತ್ರಗಳಲ್ಲಿ ಅದರ ಆಕಾರ ಕದಡಿಹೋಗುತ್ತದೆ. ಹೊಸಬರು ಮೊದಲು ಉತ್ತರ ಗೊತ್ತಿರುವ ನಕ್ಷತ್ರವೊಂದರ ಮೇಲೆ ಕೈ ಪಳಗಿಸಿಕೊಳ್ಳಬೇಕು. ಅದಕ್ಕೆ ನಾನು ಸೂಚಿಸುವುದು 49 ಜ್ಯೋತಿರ್ವರ್ಷದಷ್ಟು ದೂರದ ಎಲ್‌ಎಚ್‌ಎಸ್ 3844. ಭೂಮಿಯ 1.3 ಪಟ್ಟು ತ್ರಿಜ್ಯದ ಗ್ರಹವೊಂದು ಅಲ್ಲಿ 11 ಗಂಟೆಗಳಿಗೊಮ್ಮೆ ಅಡ್ಡ ಬಂದು ಬೆಳಕನ್ನು ಶೇ 0.4ರಷ್ಟು ಕುಗ್ಗಿಸುತ್ತದೆ, ನಿಮ್ಮ ವಿಧಾನಕ್ಕೆ ಇದು ಸಿಕ್ಕದಿದ್ದರೆ ಮುಂದಕ್ಕೆ ಹೋಗುವ ಮುನ್ನ ವಿಧಾನವನ್ನೇ ತಿದ್ದಬೇಕು.

ಇಳಿಸಿಕೊಂಡ ಬೆಳಕಿನ ರೇಖೆ, ಅಂದರೆ ಕಾಲಕ್ಕೆ ತಕ್ಕಂತೆ ನಕ್ಷತ್ರದ ಬೆಳಕನ್ನು ತೋರಿಸುವ ನಕ್ಷೆ, ಎಂದೂ ಸಮತಟ್ಟಾಗಿರುವುದಿಲ್ಲ. ಕೆಂಪು ಕುಬ್ಜಗಳ ಮೇಲೆ ದೊಡ್ಡ ಕಲೆಗಳಿರುತ್ತವೆ. ನಕ್ಷತ್ರ ತನ್ನ ಅಕ್ಷದಲ್ಲಿ ತಿರುಗಿದಂತೆ ಬೆಳಕು ಅಲೆಯಂತೆ ಏರಿಳಿಯುತ್ತದೆ, ಮಧ್ಯೆ ಮಧ್ಯೆ ಜ್ವಾಲೆಗಳು ಸಿಡಿದು ನಿಮಿಷಗಳಲ್ಲಿ ಬೆಳಕು ಜಿಗಿಯುತ್ತದೆ. ನಿಧಾನದ ಅಲೆಗಳನ್ನು ತೆಗೆಯಲು ಚಲಿಸುವ ಕಿಟಕಿಯೊಂದರ ಮೂಲಕ ರೇಖೆಯನ್ನು ಸಮಗೊಳಿಸುವುದು ವಾಡಿಕೆ. ಆ ಕಿಟಕಿಯ ಅಗಲ ಸಂಕ್ರಮಣದ ಕಾಲದ ಮೂರು ಪಟ್ಟಿಗಿಂತ ಕಡಿಮೆಯಾದರೆ ಅಲೆಗಳ ಜೊತೆಗೆ ಗ್ರಹದ ಇಳಿತವೂ ಅಳಿಸಿಹೋಗುತ್ತದೆ. ಸಂಕ್ರಮಣದ ಕಾಲವನ್ನು ಮೊದಲೇ ಲೆಕ್ಕ ಹಾಕಲು ಹೇಳಿದ್ದು ಇದಕ್ಕಾಗಿಯೇ. ಜ್ವಾಲೆಗಳನ್ನು ಕತ್ತರಿಸುವಾಗ ಮೇಲ್ಮುಖವಾಗಿ ಜಿಗಿದ ಬಿಂದುಗಳನ್ನು ಮಾತ್ರ ತೆಗೆಯಬೇಕು. ಮೇಲಕ್ಕೂ ಕೆಳಕ್ಕೂ ಒಂದೇ ಮಿತಿ ಹಾಕಿದರೆ ಕಳೆಯೊಡನೆ ಪೈರನ್ನೂ ಕಿತ್ತಂತಾಗುತ್ತದೆ.

ಇದಾದ ಮೇಲೆ ಹುಡುಕಾಟ. 2002ರಲ್ಲಿ ಕೊವಾಚ್, ಝುಕರ್ ಮತ್ತು ಮಜೆ ರೂಪಿಸಿದ ಬಿಎಲ್‌ಎಸ್ ವಿಧಾನವು ಸಾವಿರಾರು ಅವಧಿಗಳನ್ನು ಒಂದೊಂದಾಗಿ ಊಹಿಸಿ, ಪ್ರತಿ ಅವಧಿಗೂ ಬೆಳಕಿನ ರೇಖೆಯನ್ನು ಮಡಿಸಿ (ಅಂದರೆ ಆ ಅವಧಿಯಷ್ಟು ಉದ್ದದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು), ಪೆಟ್ಟಿಗೆಯಾಕಾರದ ಇಳಿತ ಎಲ್ಲಿ ಚೆನ್ನಾಗಿ ಹೊಂದುತ್ತದೆ ಎಂದು ನೋಡುತ್ತದೆ. 2019ರಲ್ಲಿ ಹಿಪ್ಕೆ ಮತ್ತು ಹೆಲ್ಲರ್ ಪ್ರಕಟಿಸಿದ ಟಿಎಲ್‌ಎಸ್ ವಿಧಾನ ಪೆಟ್ಟಿಗೆಯ ಬದಲು ಸಂಕ್ರಮಣದ ನಿಜವಾದ ಆಕಾರವನ್ನೇ ಬಳಸುವುದರಿಂದ ಚಿಕ್ಕ ಗ್ರಹಗಳಿಗೆ ಹೆಚ್ಚು ಸೂಕ್ಷ್ಮವಾಗಿದೆ. ಎರಡರಲ್ಲಿ ಯಾವುದೇ ಆಗಲಿ, ಕನಿಷ್ಠ ಮೂರು ಇಳಿತಗಳಿಲ್ಲದೆ ಅವಧಿಯನ್ನು ನಂಬಬಾರದು. ಟ್ರ್ಯಾಪಿಸ್ಟ್-1ರ ಕಥೆ ಇದಕ್ಕೆ ಸಾಕ್ಷಿ. ಬೆಲ್ಜಿಯಂನ ಮಿಶೆಲ್ ಗಿಲಾನ್ ಅವರ ತಂಡ ಚಿಲಿಯ ಲಾ ಸಿಲ್ಲಾದಲ್ಲಿರುವ 60 ಸೆಂಟಿಮೀಟರ್ ದೂರದರ್ಶಕದಿಂದ ಈ ನಕ್ಷತ್ರವನ್ನು ಗಮನಿಸಿ 2016ರಲ್ಲಿ ಮೂರು ಗ್ರಹಗಳನ್ನು ಘೋಷಿಸಿದಾಗ, ಮೂರನೆಯದಕ್ಕೆ ಸಿಕ್ಕಿದ್ದು ಎರಡೇ ಇಳಿತಗಳು. ಅದರ ಅವಧಿ 4.5 ದಿನದಿಂದ 73 ದಿನದವರೆಗೆ ಏನೂ ಇರಬಹುದಾಗಿತ್ತು. ಅದೇ ವರ್ಷ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ ಸುಮಾರು 20 ದಿನ ಆ ನಕ್ಷತ್ರದತ್ತ ಮುಖಮಾಡಿದಾಗ, ಆ ಇಳಿತಗಳ ಹಿಂದೆ ಇದ್ದದ್ದು ಒಂದೇ ಗ್ರಹವಲ್ಲವೆಂದೂ ಅಲ್ಲಿರುವ ಗ್ರಹಗಳು ಒಟ್ಟು ಏಳೆಂದೂ ತಿಳಿಯಿತು.

ಇಳಿತ ಸಿಕ್ಕಿದ ಮೇಲೆ ಅದನ್ನು ಸುಳ್ಳೆಂದು ತೋರಿಸಲು ಮನಸಾರೆ ಪ್ರಯತ್ನಿಸಬೇಕು. ಟೆಸ್‌ನ ಒಂದು ಪಿಕ್ಸೆಲ್ ಆಕಾಶದಲ್ಲಿ 21 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೆಯ ಒಂದು ಪಾಲು) ಅಗಲವಾಗಿರುವುದರಿಂದ ಅದರೊಳಗೆ ಬೇರೆ ನಕ್ಷತ್ರಗಳ ಬೆಳಕೂ ಬೆರೆತಿರುತ್ತದೆ, ಹಿನ್ನೆಲೆಯಲ್ಲಿ ಪರಸ್ಪರ ಮರೆಮಾಡುವ ಯಮಳ ನಕ್ಷತ್ರಗಳಿದ್ದರೆ ಅವುಗಳ ಆಳವಾದ ಗ್ರಹಣವೇ ದುರ್ಬಲಗೊಂಡು ಗ್ರಹದ ವೇಷ ತೊಡಬಹುದು. ಬೆಸ ಸಂಖ್ಯೆಯ ಇಳಿತಗಳನ್ನೂ ಸಮ ಸಂಖ್ಯೆಯ ಇಳಿತಗಳನ್ನೂ ಬೇರೆ ಬೇರೆಯಾಗಿ ಮಡಿಸಿ ಆಳ ಒಂದೇ ಇದೆಯೇ ಎಂದು ಹೋಲಿಸಿರಿ; ಎರಡು ಇಳಿತಗಳ ನಡುವೆ ಇನ್ನೊಂದು ಸಣ್ಣ ಇಳಿತವಿದೆಯೇ ಎಂದು ನೋಡಿರಿ; ಇಳಿತದ ಹೊತ್ತಿನಲ್ಲಿ ಬೆಳಕಿನ ಕೇಂದ್ರ ಪಕ್ಕದ ನಕ್ಷತ್ರದ ಕಡೆಗೆ ಜರುಗುತ್ತದೆಯೇ ಎಂದು ಪಿಕ್ಸೆಲ್ ಚಿತ್ರಗಳಲ್ಲಿ ಪರೀಕ್ಷಿಸಿರಿ. ಹತ್ತಿರದ ನಕ್ಷತ್ರಗಳ ವಿಷಯದಲ್ಲಿ ಮಾತ್ರ ದಕ್ಕುವ ಒಂದು ಸೊಗಸಾದ ಪರೀಕ್ಷೆಯೂ ಇದೆ. ಅವು ಆಕಾಶದಲ್ಲಿ ಬೇಗ ಸರಿಯುತ್ತವೆ. ವರ್ಷಕ್ಕೆ ಒಂದು ಆರ್ಕ್‌ಸೆಕೆಂಡ್ ಸರಿಯುವ ನಕ್ಷತ್ರ 1950ರ ದಶಕದಲ್ಲಿ ಅಮೆರಿಕದ ಪಾಲೊಮಾರ್ ವೀಕ್ಷಣಾಲಯ ತೆಗೆದ ಛಾಯಾಫಲಕಗಳಲ್ಲಿ ಇಂದಿನ ಜಾಗದಿಂದ ಸುಮಾರು 70 ಆರ್ಕ್‌ಸೆಕೆಂಡ್ ಆಚೆ ಇರುತ್ತದೆ. ಹಾಗಾಗಿ ಆ ಹಳೆಯ ಫಲಕವನ್ನು ತೆರೆದು, ಈಗ ನಕ್ಷತ್ರವಿರುವ ಜಾಗದ ಹಿಂದೆ ಏನಿದೆ ಎಂದು ನೇರವಾಗಿ ನೋಡಬಹುದು. ಈ ಫಲಕಗಳೂ ಗಣಕೀಕೃತ ರೂಪದಲ್ಲಿ ಎಲ್ಲರಿಗೂ ಸಿಗುತ್ತವೆ.

ಉಪಕರಣದ ಲಯವನ್ನು ಗ್ರಹದ ಲಯವೆಂದು ತಿಳಿಯುವ ಅಪಾಯವೂ ಇದೆ. ಟೆಸ್ 13.7 ದಿನಗಳಿಗೊಮ್ಮೆ ಭೂಮಿಯನ್ನು ಸುತ್ತುವುದರಿಂದ, ಆ ಅವಧಿ ಅಥವಾ ಅದರ ಅರ್ಧದ ಬಳಿ ಬರುವ ಸಂಕೇತಗಳನ್ನು ವಿಶೇಷ ಎಚ್ಚರದಿಂದ ನೋಡಬೇಕು. ನಕ್ಷತ್ರದ ಲಯವೂ ಹೀಗೆಯೇ ಮೋಸಗೊಳಿಸಬಲ್ಲದು. ಗ್ರಹದ ಸೆಳೆತದಿಂದ ನಕ್ಷತ್ರ ತೊನೆದಾಡುವುದನ್ನು, ಅದರ ಬೆಳಕಿನ ತರಂಗಾಂತರದ ಪಲ್ಲಟವನ್ನು ನೋಡುವ ಡಾಪ್ಲರ್ ವಿಧಾನದಲ್ಲಿ ಅಳೆದು ವಾಸಯೋಗ್ಯ ವಲಯದಲ್ಲಿದೆಯೆಂದು ನಂಬಲಾಗಿದ್ದ ಗ್ಲೀಸ 581 ಡಿ ಎಂಬ ಗ್ರಹ, ಸುಮಾರು 130 ದಿನಗಳಿಗೊಮ್ಮೆ ತಿರುಗುವ ಆ ನಕ್ಷತ್ರದ ಮೇಲ್ಮೈ ಚಟುವಟಿಕೆಯ ಫಲವೆಂದು 2014ರ ಅಧ್ಯಯನವೊಂದು ತೋರಿಸಿತು. ಹಾಗೆಂದು ಡಾಪ್ಲರ್ ವಿಧಾನವನ್ನು ಬಿಡುವಂತಿಲ್ಲ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವನ್ನು ಸುತ್ತುವ, ಸಂಕ್ರಮಣ ಕಾಣದ ಪ್ರಾಕ್ಸಿಮಾ ಬಿ ಗ್ರಹ 2016ರಲ್ಲಿ ಸಿಕ್ಕಿದ್ದು ಸೆಕೆಂಡಿಗೆ 1.4 ಮೀಟರ್ ವೇಗದ, ಅಂದರೆ ಮನುಷ್ಯನ ನಡಿಗೆಯಷ್ಟು ವೇಗದ, ತೊನೆದಾಟದಿಂದಲೇ.

ಎಲ್ಲ ಪರೀಕ್ಷೆಗಳನ್ನೂ ದಾಟಿ ಉಳಿದ ಸಂಕೇತವನ್ನು ಎಕ್ಸೊಫಾಪ್ ಜಾಲತಾಣದಲ್ಲಿರುವ ಸಂಭಾವ್ಯ ಗ್ರಹಗಳ ಪಟ್ಟಿಯೊಂದಿಗೆ ಹೋಲಿಸಿ, ಈಗಾಗಲೇ ದಾಖಲಾಗಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಮುಂದಿನ ಸಂಕ್ರಮಣಗಳ ವೇಳೆಯನ್ನು ಅದರ ಅನಿಶ್ಚಿತತೆಯೊಡನೆ ಲೆಕ್ಕ ಹಾಕಿ, ನೆಲದ ಮೇಲಿನ ದೂರದರ್ಶಕವೊಂದರಿಂದ ದೃಢಪಡಿಸಿಕೊಳ್ಳಬೇಕು. ಅವುಗಳ ಚಿತ್ರಗಳು ಟೆಸ್‌ಗಿಂತ ಬಹಳ ಸ್ಪಷ್ಟವಾಗಿರುವುದರಿಂದ ಯಾವ ನಕ್ಷತ್ರ ಮಂಕಾಯಿತೆಂಬುದು ಗೊತ್ತಾಗುತ್ತದೆ. 2016ರ ಟ್ರ್ಯಾಪಿಸ್ಟ್-1 ಶೋಧದಲ್ಲಿ ಈ ಪಾತ್ರ ವಹಿಸಿದ ದೂರದರ್ಶಕಗಳಲ್ಲಿ ಲಡಾಖಿನ ಹಾನ್ಲೆಯ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವೂ ಒಂದು. ಅದನ್ನು ಭಾರತೀಯ ಖಭೌತ ಸಂಸ್ಥೆಯವರು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ.

ಇಷ್ಟಾದರೂ ‘ಭೂಮಿಯಂಥ’ ಎಂಬ ವಿಶೇಷಣವನ್ನು ಗಾತ್ರವೊಂದನ್ನೇ ನೋಡಿ ಕೊಡಬಾರದು. ತ್ರಿಜ್ಯ ಭೂಮಿಯ ಸುಮಾರು 1.6 ಪಟ್ಟಿನೊಳಗಿದ್ದರೆ ಗ್ರಹ ಬಂಡೆಯದಾಗಿರುವ ಸಂಭವ ಹೆಚ್ಚು ಎನ್ನಬಹುದೇ ಹೊರತು, ಗಾಳಿ, ನೀರುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಟ್ರ್ಯಾಪಿಸ್ಟ್-1 ಬಿ ಗ್ರಹದ ಹಗಲಿನ ಬದಿ ಸುಮಾರು 230 ಡಿಗ್ರಿ ಸೆಲ್ಸಿಯಸ್ ಬಿಸಿಯಿದೆಯೆಂದು ಜೇಮ್ಸ್ ವೆಬ್ ದೂರದರ್ಶಕ 2023ರಲ್ಲಿ ಅಳೆಯಿತು. ಗಣನೀಯ ವಾಯುಮಂಡಲ ಅಲ್ಲಿಲ್ಲವೆಂಬುದನ್ನೇ ಆ ಅಳತೆ ಸೂಚಿಸುತ್ತದೆ.

ಬಹುತೇಕ ನಕ್ಷತ್ರಗಳಲ್ಲಿ ಏನೂ ಸಿಗುವುದಿಲ್ಲ, ಆದರೆ ಆ ಫಲಿತಾಂಶಕ್ಕೂ ಬೆಲೆ ಬರುವಂತೆ ಮಾಡಬಹುದು. ನಿಮ್ಮ ಮೂಲ ದತ್ತಾಂಶಕ್ಕೆ, ಸಮಗೊಳಿಸುವ ಮುನ್ನವೇ, ವಿವಿಧ ಗಾತ್ರ ಮತ್ತು ಅವಧಿಗಳ ಕೃತಕ ಇಳಿತಗಳನ್ನು ಸೇರಿಸಿ, ಇಡೀ ವಿಧಾನವನ್ನು ಮತ್ತೆ ಮತ್ತೆ ನಡೆಸಿ, ಅವುಗಳಲ್ಲಿ ಎಷ್ಟು ಸಿಕ್ಕವೆಂದು ಎಣಿಸಬೇಕು. ಭೂಮಿಯ ಗಾತ್ರದ, 13 ದಿನದ ಕೃತಕ ಗ್ರಹಗಳಲ್ಲಿ ಹತ್ತಕ್ಕೆ ಒಂಬತ್ತು ಸಿಕ್ಕರೆ, ಈ ನಕ್ಷತ್ರದ ಮುಂದೆ ಅಂಥ ಗ್ರಹ ಹಾದುಹೋಗುತ್ತಿದ್ದರೆ ಅದು ಬಹುಮಟ್ಟಿಗೆ ಕಾಣುತ್ತಿತ್ತು ಎಂದು ಬರೆಯುವ ಅಧಿಕಾರ ನಿಮಗಿದೆ. ಹತ್ತಕ್ಕೆ ಎರಡೇ ಸಿಕ್ಕರೆ ಆ ನಕ್ಷತ್ರದ ಹುಡುಕಾಟ ಇನ್ನೂ ಮುಗಿದಿಲ್ಲ; ಟೆಸ್ ಆ ಸೆಕ್ಟರ್‌ಗೆ ಮತ್ತೆ ಮರಳಿದಾಗ ಹೊಸ ದತ್ತಾಂಶವನ್ನು ಸೇರಿಸಿ ಪುನಃ ನೋಡಬೇಕು.