ರಾಸ್ಪಿ-ಕಾನ್ಫಿಗ್ ಮೆನುವಿಗೆ ಸ್ವಂತದ್ದೊಂದು ಆಯ್ಕೆ

ಪುಟ್ಟ ಕಂಪ್ಯೂಟರ್ ರಾಸ್‌ಬೆರಿ ಪೈನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್), ಭಾಷೆ, ಟೈಮ್‌ಝೋನ್ ಏನೇ ಬದಲಿಸಬೇಕಿದ್ದರೂ ಕೈ ಹೋಗುವುದು ರಾಸ್ಪಿ-ಕಾನ್ಫಿಗ್‌ಗೆ. ನೀಲಿ ಪರದೆಯ ಈ ಸಾಧನ ಒಳಗೆ ಬರೀ ಶೆಲ್ ಸ್ಕ್ರಿಪ್ಟ್. ಮೆನು ತೋರಿಸುವುದು ಟರ್ಮಿನಲ್‌ನಲ್ಲಿ ಪ್ರಶ್ನೆ, ಪಟ್ಟಿ ಮೂಡಿಸುವ ವಿಪ್‌ಟೇಲ್ ಎಂಬ ಪ್ರೋಗ್ರಾಂ. ಎಡಿಟರ್‌ನಲ್ಲಿ ತೆರೆದು ಹೊಸ ಆಯ್ಕೆ ಸೇರಿಸಬಹುದು. ಬ್ಲೂಟೂತ್ ಆನ್-ಆಫ್ ಮಾಡುವುದನ್ನೇ ಸೇರಿಸೋಣ.

ಮೂಲ ಫೈಲ್ ಮುಟ್ಟಬೇಡಿ. ಮುಂದಿನ ಅಪ್‌ಗ್ರೇಡ್‌ನಲ್ಲಿ ನಿಮ್ಮ ತಿದ್ದುಪಡಿಯೆಲ್ಲ ಅಳಿಸಿಹೋಗುತ್ತದೆ. /ಯುಎಸ್‌ಆರ್/ಬಿನ್‌ನಿಂದ /ಯುಎಸ್‌ಆರ್/ಲೋಕಲ್/ಬಿನ್‌ಗೆ ಬೇರೆ ಹೆಸರಲ್ಲಿ ನಕಲು ಮಾಡಿ, ಅದನ್ನು ತಿದ್ದಿ.

ಮೊದಲು ಫಂಕ್ಷನ್. ‘ಡು_ಎಸ್‌ಎಸ್‌ಎಚ್’ ಅನ್ನು ಮಾದರಿಯಾಗಿಟ್ಟು ‘ಡು_ಬ್ಲೂಟೂತ್’ ಬರೆಯಿರಿ. ಇಲ್ಲಿ 0 ಎಂದರೆ ಬೇಕು, 1 ಎಂದರೆ ಬೇಡ. ತಲೆಕೆಳಗಾಗಿ ಕಂಡರೂ ಕಾರಣವಿದೆ: ‘ಯೆಸ್’ ಒತ್ತಿದರೆ ವಿಪ್‌ಟೇಲ್ ಹಿಂದಿರುಗಿಸುವುದು 0. ‘ಇಂಟರಾಕ್ಟಿವ್’ ವೇರಿಯಬಲ್ ‘ಟ್ರೂ’ ಇದ್ದರೆ ಮಾತ್ರ ಪ್ರಶ್ನೆ ಕೇಳಿ. ಇಲ್ಲದಿದ್ದರೆ ಉತ್ತರವನ್ನು ಮೊದಲ ಆರ್ಗ್ಯುಮೆಂಟ್‌ನಿಂದ ತೆಗೆದುಕೊಳ್ಳಿ. ಇದನ್ನು ಬಿಟ್ಟರೆ ‘ನಾನ್‌ಇಂಟ್’ (ಮೆನು ಇಲ್ಲದೆ ಓಡಿಸುವ ವಿಧಾನ) ಮೂಲಕ ಓಡಿಸುವ ಸ್ಕ್ರಿಪ್ಟ್‌ಗಳು ಉತ್ತರಕ್ಕಾಗಿ ಕಾದು ಕೂರುತ್ತವೆ.

ಬ್ಲೂಟೂತ್ ಬೇಡವಾದರೆ, ಬೂಟ್ ಆಗುವಾಗ ಪೈ ಓದುವ ಕಾನ್ಫಿಗ್.ಟಿಎಕ್ಸ್‌ಟಿ ಫೈಲ್‌ನಲ್ಲಿ ‘ಡಿಟಿಓವರ್‌ಲೇ=ಡಿಸೇಬಲ್-ಬಿಟಿ’ ಸಾಲಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಸ್ಕ್ರಿಪ್ಟ್‌ನಲ್ಲೇ ಸಿದ್ಧವಿರುವ ‘ಸೆಟ್_ಕಾನ್ಫಿಗ್_ವಾರ್’ ಬಳಸಿದರೆ ಅದು ‘ಡಿಟಿಓವರ್‌ಲೇ’ ಎಂದು ಶುರುವಾಗುವ ಸಾಲುಗಳನ್ನೆಲ್ಲ ನಿಮ್ಮ ಸಾಲಾಗಿ ಬದಲಿಸುತ್ತದೆ. ಗ್ರಾಫಿಕ್ಸ್‌ನ ‘ವಿಸಿ4-ಕೆಎಂಎಸ್-ವಿ3ಡಿ’ ಸಾಲೂ ಹೋಗಿಬಿಡುತ್ತದೆ. ಹಾಗಾಗಿ ಫೈಲಿನ ಸಾಲು ತಿದ್ದುವ ಸೆಡ್ ಕಮಾಂಡ್‌ನಿಂದ ನಿಮ್ಮ ಸಾಲನ್ನಷ್ಟೇ ಅಳಿಸಿ, ಉತ್ತರ 1 ಬಂದಾಗ ಫೈಲಿನ ಕೊನೆಗೆ ಮತ್ತೆ ಸೇರಿಸಿ. ಕೊನೆಯ ವಿಭಾಗ ಚೌಕ ಆವರಣದ ‘ಆಲ್’ ಹೌದೇ ನೋಡಿ. ‘ಪೈ4’ ಇದ್ದರೆ ಸಾಲು ಆ ಬೋರ್ಡ್‌ಗೆ ಮಾತ್ರ ಅನ್ವಯ. ಫೈಲ್‌ನ ವಿಳಾಸ ಕೈಯಾರೆ ಬರೆಯದೆ ಸ್ಕ್ರಿಪ್ಟ್‌ನ ‘ಕಾನ್ಫಿಗ್’ ವೇರಿಯಬಲ್ ಬಳಸಿ: 2023ರ ರಾಸ್‌ಬೆರಿ ಪೈ ಓಎಸ್ ಆವೃತ್ತಿ ಬುಕ್‌ವರ್ಮ್‌ನಿಂದ ಅದು /ಬೂಟ್ ಬಿಟ್ಟು /ಬೂಟ್/ಫರ್ಮ್‌ವೇರ್‌ಗೆ ಹೋಗಿದೆ. ಕೊನೆಗೆ ‘ಆಸ್ಕ್_ಟು_ರೀಬೂಟ್’ಗೆ 1 ಕೊಡಿ.

ಇನ್ನು ಇಂಟರ್‌ಫೇಸ್ ಮೆನು ತೋರಿಸುವ ಫಂಕ್ಷನ್ ‘ಡು_ಇಂಟರ್‌ಫೇಸ್_ಮೆನು’. ವಿಪ್‌ಟೇಲ್ ಪಟ್ಟಿಗೆ ಹೆಸರು-ವಿವರಣೆಯ ಜೋಡಿ ಸೇರಿಸಿ. ಹೆಸರಿನ ಆರಂಭದ ಸಂಖ್ಯೆ ಬೇರಾವ ಸಾಲಿನದ್ದೂ ಆಗಿರಬಾರದು. ಸಾಲಿನ ಕೊನೆಯ ಬ್ಯಾಕ್‌ಸ್ಲ್ಯಾಶ್ ಆದಮೇಲೆ ಒಂದು ಸ್ಪೇಸ್ ಉಳಿದರೂ ಮೆನು ಅಲ್ಲಿಗೇ ತುಂಡಾಗುತ್ತದೆ. ಆಯ್ಕೆಗೆ ತಕ್ಕ ಫಂಕ್ಷನ್ ಕರೆಯುವ ಕೆಳಗಿನ ಕೇಸ್‌ನಲ್ಲೂ ಅದೇ ಸಂಖ್ಯೆ ಬೇಕು. ಮರೆತರೆ ‘ಪ್ರೋಗ್ರಾಮರ್ ಎರರ್’ ಎಂಬ ಬೈಗುಳ ಕಾಣುತ್ತದೆ. ಅಲ್ಲಿ ಸಂಖ್ಯೆಯ ನಂತರದ ಸ್ಪೇಸ್‌ಗೆ ಮುಂಚೆ ಬ್ಯಾಕ್‌ಸ್ಲ್ಯಾಶ್ ಹಾಕದಿದ್ದರೆ ಸ್ಕ್ರಿಪ್ಟ್ ಶುರುವೇ ಆಗದು.

ಓಡಿಸುವ ಮುನ್ನ ‘ಎಸ್‌ಎಚ್ -ಎನ್’ ಕೊಟ್ಟು ವ್ಯಾಕರಣ ಪರೀಕ್ಷಿಸಿ. ಆಮೇಲೆ ಸುಡೋ ಜೊತೆ ‘ನಾನ್‌ಇಂಟ್ ಡು_ಬ್ಲೂಟೂತ್ 1’ ಓಡಿಸಿ, ರೀಬೂಟ್ ಮಾಡಿ. ವೈರ್‌ಲೆಸ್ ಸಾಧನಗಳ ಪಟ್ಟಿ ಕೊಡುವ ‘ಆರ್‌ಎಫ್‌ಕಿಲ್ ಲಿಸ್ಟ್’ನಲ್ಲಿ ಬ್ಲೂಟೂತ್ ಇರಬಾರದು. ಪೈ 3, ಪೈ 4ರಲ್ಲಿ ಇದರಿಂದ ಇನ್ನೊಂದು ಲಾಭ: ಬ್ಲೂಟೂತ್ ಹಿಡಿದಿಟ್ಟಿದ್ದ ಒಳ್ಳೆಯ ಸೀರಿಯಲ್ ಪೋರ್ಟ್ 14, 15ನೇ ಜಿಪಿಐಒ ಪಿನ್‌ಗಳಿಗೆ ಮರಳುತ್ತದೆ.