ಸೂಪರ್‌ಕಂಪ್ಯೂಟರ್ ಕೆಲಸ ಕ್ಲೌಡಿಗೆ ಹಾಕುವ ಮುನ್ನ

ಗಂಟೆಗೆ ಎಷ್ಟು ರೂಪಾಯಿ ಅಂತ ಮಾತ್ರ ನೋಡಿ ಕ್ಲೌಡಿಗೆ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್‌ಗಳಿಗೆ) ಹೋಗಿ, ತಿಂಗಳ ಬಿಲ್ ಕಂಡು ತಲೆ ಮೇಲೆ ಕೈ ಹೊತ್ತವರನ್ನು ತುಂಬಾ ನೋಡಿದ್ದೇನೆ. ಹವಾಮಾನದ ಲೆಕ್ಕ, ಕಾರಿನ ಸುತ್ತ ಗಾಳಿ ಹರಿಯುವ ಲೆಕ್ಕದಂಥ ಭಾರೀ ಕೆಲಸಕ್ಕೆ ಕೇಳಬೇಕಾದ್ದು ಒಂದೇ: ಒಂದು ಜಾಬ್, ಅಂದರೆ ಯಂತ್ರಕ್ಕೆ ಕೊಟ್ಟ ಒಂದು ಪೂರ್ತಿ ಲೆಕ್ಕ, ಮುಗಿಯಲು ಎಷ್ಟು ಖರ್ಚು?

ಮೊದಲು ಈಗಿರುವ ಕ್ಲಸ್ಟರ್‌ನ (ಒಟ್ಟಿಗೆ ಜೋಡಿಸಿದ ನಿಮ್ಮದೇ ಕಂಪ್ಯೂಟರ್‌ಗಳ ಗುಂಪಿನ) ಒಂದು ವರ್ಷದ ಲಾಗ್, ಅಂದರೆ ಕೆಲಸದ ದಾಖಲೆ, ತೆಗೆಯಿರಿ. ವರ್ಷದ 8,760 ಗಂಟೆಯಲ್ಲಿ ಮುಕ್ಕಾಲುಪಾಲು ಯಂತ್ರ ದುಡಿಯುತ್ತಿದ್ದರೆ ಸ್ವಂತದ್ದೇ ಇರಲಿ. ಆಗೊಮ್ಮೆ ಈಗೊಮ್ಮೆ ಕ್ಯೂ ಬೆಳೆಯುವುದಾದರೆ ಆ ಹೆಚ್ಚಿನ ಕೆಲಸವನ್ನಷ್ಟೇ ಹೊರಗೆ ಕೊಡಿ.

ಆಮೇಲೆ ಜಾಬ್‌ನ ಸ್ವಭಾವ ನೋಡಿ. ಜನ ಎಡವುವುದು ಇಲ್ಲೇ. ಒಂದಕ್ಕೊಂದು ಸಂಬಂಧವಿಲ್ಲದ ಸಾವಿರ ಸಣ್ಣ ಜಾಬ್‌ಗಳು ಕ್ಲೌಡಿನಲ್ಲಿ ಸಲೀಸಾಗಿ ಓಡುತ್ತವೆ. ಗಾಳಿ, ನೀರಿನ ಹರಿವು ಲೆಕ್ಕಹಾಕುವ ಓಪನ್‌ಫೋಮ್, ಹವಾಮಾನ ಲೆಕ್ಕಹಾಕುವ ಡಬ್ಲ್ಯೂಆರ್‌ಎಫ್‌ನಂಥ ಸಾಫ್ಟ್‌ವೇರ್ ಹಾಗಲ್ಲ. ಒಂದೇ ಜಾಬ್ ಹತ್ತಾರು ನೋಡ್‌ಗಳಿಗೆ, ಅಂದರೆ ಬಿಡಿ ಕಂಪ್ಯೂಟರ್‌ಗಳಿಗೆ, ಹಂಚಿಹೋಗುತ್ತದೆ. ಪ್ರತಿ ಹೆಜ್ಜೆಗೂ ನೋಡ್‌ಗಳು ತಮ್ಮ ಪಾಲಿನ ಲೆಕ್ಕದ ಅಂಚಿನ ಅಂಕಿಗಳನ್ನು ಕೊಟ್ಟು ತೆಗೆದುಕೊಳ್ಳಬೇಕು. ನೆಟ್‌ವರ್ಕ್ ನಿಧಾನವಾದರೆ ಎಲ್ಲವೂ ಸುಮ್ನೆ ಕಾಯುತ್ತವೆ, ಮೀಟರ್ ಮಾತ್ರ ಓಡುತ್ತದೆ.

ನಿಮ್ಮದೇ ನಿಜವಾದ ಜಾಬ್ ಒಂದನ್ನು 1, 2, 4, 8 ನೋಡ್‌ಗಳಲ್ಲಿ ಓಡಿಸಿ, ಸಮಯ ಬರೆದಿಡಿ. ಒಂದರಲ್ಲಿ 8 ಗಂಟೆ, ನಾಲ್ಕರಲ್ಲಿ 2 ಗಂಟೆ 20 ನಿಮಿಷ ಬಂತು ಅನ್ನಿ, ಪರವಾಗಿಲ್ಲ. ಎಂಟರಲ್ಲೂ 2 ಗಂಟೆ ಹಿಡಿದರೆ? 20 ನಿಮಿಷ ಉಳಿಸಲು ಬಾಡಿಗೆ ಒಂಬತ್ತು ಚಿಲ್ಲರೆ ನೋಡ್-ಗಂಟೆಯಿಂದ (ನೋಡ್‌ಗಳ ಸಂಖ್ಯೆಯನ್ನು ಗಂಟೆಯಿಂದ ಗುಣಿಸಿದ್ದು) 16ಕ್ಕೆ ಏರಿತು. ಆಗ ಇನ್ಫಿನಿಬ್ಯಾಂಡ್ (ನೋಡ್‌ಗಳ ನಡುವಿನ ಅತಿವೇಗದ ನೆಟ್‌ವರ್ಕ್) ಇರುವ ಯಂತ್ರಗಳನ್ನು, ಅಕ್ಕಪಕ್ಕದಲ್ಲೇ ಇರುವಂತೆ ಕೇಳಿ ಪಡೆದು ಮತ್ತೆ ಅಳೆಯಿರಿ. ಮಾರಾಟದವರು ತರುವ ಡೆಮೊ ಜಾಬ್ ನಂಬಬೇಡಿ. ಒಂದು ಕಂಪನಿಯಲ್ಲಿ ಪುಟ್ಟ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಚೂರುಗಳಾಗಿ ಸೀಳಿದ ಬಲೆ) ಓಡಿಸಿ ತೋರಿಸಿ ವರ್ಷದ ಒಪ್ಪಂದಕ್ಕೆ ಸಹಿ ಹಾಕಿಸಿದರು. ಅಸಲಿ ಮೆಶ್ ಹಾಕಿದಾಗ ಹಳೇ ಕ್ಲಸ್ಟರೇ ವೇಗವಾಗಿತ್ತು.

ಅಗ್ಗವೆಂದು ಅಮೆಜಾನ್‌ನ ಸ್ಪಾಟ್ ಯಂತ್ರ (ಖಾಲಿ ಇದ್ದಾಗ ಕಡಿಮೆ ಬೆಲೆಗೆ ಕೊಡುವ ಯಂತ್ರ) ಹಿಡಿಯುವವರಿದ್ದಾರೆ. 2 ನಿಮಿಷ ಮೊದಲು ಹೇಳಿ ಅದನ್ನು ವಾಪಸ್ ಪಡೆಯುತ್ತಾರೆ. ಚೆಕ್‌ಪಾಯಿಂಟ್ (ನಿಂತಲ್ಲಿಂದಲೇ ಮುಂದುವರಿಸಲು ಆಗಾಗ ಉಳಿಸಿಡುವ ಪ್ರತಿ) ಬರೆಯದ ಜಾಬ್ ಅಲ್ಲಿ ಬೇಡವೇ ಬೇಡ.

ಸಾಫ್ಟ್‌ವೇರ್ ಲೈಸೆನ್ಸ್ ಕ್ಲೌಡಿನಲ್ಲಿ ನಡೆಯುತ್ತದಾ ಎಂದು ಬರಹದಲ್ಲೇ ಕೇಳಿಕೊಳ್ಳಿ.

ಡೇಟಾ ಮರೆಯಬೇಡಿ. 10 ಟಿಬಿ ಫಲಿತಾಂಶವನ್ನು 100 ಎಂಬಿಪಿಎಸ್ ಲೈನಿನಲ್ಲಿ ಇಳಿಸಲು 9 ದಿನಕ್ಕೂ ಜಾಸ್ತಿ ಬೇಕು. ಹೊರತೆಗೆಯಲು ಬೇರೆ ಶುಲ್ಕವೂ ಇರಬಹುದು. ಗ್ರಾಫ್, ಚಿತ್ರ ಎಲ್ಲ ಅಲ್ಲೇ ಮಾಡಿ, ಬೇಕಾದಷ್ಟೇ ತನ್ನಿ.

ಕೊನೆಗೆ, ಜಾಬ್ ಮುಗಿದ ತಕ್ಷಣ ಯಂತ್ರ ತಾನೇ ಆಫ್ ಆಗುವಂತೆ ಸ್ಕ್ರಿಪ್ಟ್ ಹಾಕಿ. ಶುಕ್ರವಾರ ಸಂಜೆ 6ಕ್ಕೆ ಮರೆತು ಮನೆಗೆ ಹೋದರೆ, ಸೋಮವಾರ ಬೆಳಿಗ್ಗೆ 9ಕ್ಕೆ 63 ಗಂಟೆಯ ಬಾಡಿಗೆ ಏರಿರುತ್ತದೆ.